ಭಾವಚಿತ್ರದ ಆರ್ಡರ್ ಹಿಡಿಯುವವರಿಗೆ ಒಂದೆರಡು ಮಾತು

ಹುಬ್ಬಳ್ಳಿ-ಧಾರವಾಡದಲ್ಲಿ ಚಿತ್ರಕಲೆ ಓದಿ ಮುಗಿಸಿ, ಭಾವಚಿತ್ರದ ಆರ್ಡರ್ ಹಿಡಿಯಲು ಹೊರಟಿರುವ ತಮ್ಮ-ತಂಗಿಯರೇ, ದರ ಹೇಳುವಾಗ ದನಿ ಇಳಿಸಬೇಡಿ. ಅಳತೆಗೆ ತಕ್ಕ ದರಪಟ್ಟಿ ಮೊದಲೇ ಬರೆದಿಟ್ಟುಕೊಳ್ಳಿ. ಚೌಕಟ್ಟಿನ ಖರ್ಚು ಬೇರೆ ಎಂಬುದೂ ಅದರಲ್ಲೇ ಇರಲಿ. ಅರ್ಧ ಹಣ ಕೈಸೇರಿದ ಮೇಲೆಯೇ ಕೆಲಸ ಶುರು. ಬಂಧು-ಬಳಗದವರಾದರೆ ಇದು ಇನ್ನೂ ಕಡ್ಡಾಯ!

ಮಳೆಗಾಲದಲ್ಲಿ ತೈಲವರ್ಣಕ್ಕೆ ಹತ್ತಿರದ ತಾರೀಖು ಕೊಡಬೇಡಿ. ಅದು ನೀರು ಆರಿ ಒಣಗುವ ಬಣ್ಣವಲ್ಲ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗಬೇಕು. ಧಾರವಾಡದ ಜಿಟಿಜಿಟಿ ಮಳೆಯ ಥಂಡಿಯಲ್ಲಿ ಇದು ಬಲು ನಿಧಾನ. ಮೇಲೆ ಒಣಗಿದಂತೆ ಕಂಡರೂ ದಪ್ಪಗೆ ಬಳಿದ ಕಡೆ ಹೆಬ್ಬೆರಳು ಒತ್ತಿದರೆ ಗುರುತು ಮೂಡುತ್ತದೆ. ಅವಸರದವರಿಗೆ ಅಕ್ರಿಲಿಕ್‌ನಲ್ಲಿ ಬರೆದುಕೊಡಿ.

ಹಲವರು ಗಮನಿಸದ ಸಂಗತಿಯೊಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರದ್ದೇ. ಅದರ ಪ್ರತಿ ಅಚ್ಚು ಹಾಕಿಸಿ ಮಾರಲು ನಿಮಗೆ ಅವರ ಒಪ್ಪಿಗೆ ಬೇಕು. ಹಕ್ಕು ನಿಮ್ಮಲ್ಲೇ ಉಳಿಯಬೇಕೆಂದಿದ್ದರೆ ಕೆಲಸ ಒಪ್ಪಿಕೊಳ್ಳುವಾಗಲೇ ಹಾಗೆಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ಬಾಯಿಮಾತು ಆಮೇಲೆ ಕೆಲಸಕ್ಕೆ ಬರುವುದಿಲ್ಲ.

ಕೈ ಪಳಗಬೇಕೆ? ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ ಮಿರ್ಚಿ-ಗಿರಮಿಟ್ ಅಂಗಡಿಗಳ ಬಳಿ ನಿಂತು ಸ್ಕೆಚ್ ಮಾಡಿ. ಬರೀ ಫೋಟೋ ನೋಡಿ ಬರೆದರೆ ಗೆರೆ ಜಡವಾಗುತ್ತದೆ. ಅಲ್ಲಿ ಯಾರೂ ನಿಮಗಾಗಿ ಅಲುಗಾಡದೆ ನಿಲ್ಲುವುದಿಲ್ಲ, ಜೊತೆಗೆ ಹೆಗಲ ಮೇಲಿಂದ ಇಣುಕುವವರ ಅಂಜಿಕೆಯೂ ಬಿಟ್ಟುಹೋಗುತ್ತದೆ. ಅವರಲ್ಲೇ ಯಾರಾದರೂ ದರ ಕೇಳಿದರೆ ಪಟ್ಟಿ ಜೇಬಿನಲ್ಲಿರಲಿ.