ಹೌಸ್ ಸರ್ಜನ್‌ಗಳ ಕೈಲಿ ‘ದಿ ಸಿಟಾಡೆಲ್’ ಓದಿಸಿದ್ದು, ನನ್ನ ಅನುಭವ

ದಾವಣಗೆರೆಯ ಮೆಡಿಕಲ್ ಹುಡುಗ್ರಿಗೆ, ಅಂದ್ರೆ ಓದು ಮುಗಿಸಿ ಆಸ್ಪತ್ರೇಲಿ ತರಬೇತಿ ಮಾಡೋ ಹೌಸ್ ಸರ್ಜನ್‌ಗಳಿಗೆ, ಕಾದಂಬರಿ ಓದಿಸ್ತೀನಿ ಅಂದಾಗ ನಮ್ಮ ಓದುಗ ಬಳಗದವ್ರೇ ನಂಬಿರ್ಲಿಲ್ಲ. "ಸಾರ್, ಅವ್ರು ನೀಟ್ ಪಿಜಿ ಎಂಟ್ರೆನ್ಸ್ ಪರೀಕ್ಷೆ ಬಿಟ್ಟು ತಲೆ ಎತ್ತಲ್ಲ, ಸುಮ್ನೆ ದುಡ್ಡು ಕಳೀಬೇಡಿ" ಅಂದಿದ್ರು. ಈಗ 9 ಜನ ಎ.ಜೆ. ಕ್ರೋನಿನ್ನರ 1937ರ ಈ ಪುಸ್ತಕ, ಆಂಡ್ರೂ ಮ್ಯಾನ್ಸನ್ ಅನ್ನೋ ಡಾಕ್ಟರ್ ಕಥೆ, ಕೊನೇ ಪುಟದ ತನಕ ಮುಗಿಸಿದಾರೆ, ಅದಕ್ಕೇ ಬರೀತಿದೀನಿ.

ಮೊದಲ್ನೇ ಸಲ ಪೂರ್ತಿ ಸೋತೆ. ಬೆಂಗಳೂರಿನ ಅವೆನ್ಯೂ ರೋಡಿಂದ ಹಳೇ ಪ್ರತಿ 12 ತರಿಸ್ದೆ, ಒಂದಕ್ಕೆ ನೂರೈವತ್ತೋ ನೂರೆಂಬತ್ತೋ, ಬಸ್ ಪಾರ್ಸಲ್ ಸೇರಿ ಎರಡು ಸಾವಿರ ದಾಟ್ತು, ಹಂಚಿ ಓದ್ಕೊಂಡ್ ಬನ್ನಿ ಅಂದೆ, ಮುಂದಿನ ಭಾನುವಾರ ಬಂದೋರು ಇಬ್ರು, ಓದಿದ್ದು 20 ಪುಟ. ಆಮೇಲೆ ಇದೇ ಕಥೆ ಆಧರಿಸಿದ ದೇವ್ ಆನಂದ್ ಸಿನಿಮಾ ‘ತೇರೆ ಮೇರೆ ಸಪ್ನೆ’ (1971) ಹಾಕಿದ್ರೆ ಪುಸ್ತಕದ ಕಡೆ ಬರ್ತಾರೆ ಅಂತ ಪ್ರೊಜೆಕ್ಟರ್ ಬಾಡಿಗೆ 800 ಕೊಟ್ಟೆ. ಹಾಡು ಕೇಳಿ ಎದ್ದೋದ್ರು.

ಮೂರನೇ ಸಲ ಮೊದಲ ಪುಟಾನೇ ಬಿಟ್ಟೆ. ನೇರ ಗಣಿ ಊರಿನ ಜೋ ಮೋರ್ಗನ್ ಮನೆ ಹೆರಿಗೆ. ನಾನೇ ಗಟ್ಟಿಯಾಗಿ ಓದೋದು, ಅಲ್ಲೇ ನಮ್ಮ ಮಾತಿಗೆ ತಿರುಗಿಸೋದು. ಜೋ ಹೆಂಡ್ತಿ ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಬಸುರಿಯಾದೋಳು, ಸತ್ತು ಹುಟ್ತು ಅಂತ ಸೂಲಗಿತ್ತಿ ಕೂಸನ್ನ ಮಂಚದ ಕೆಳಗೆ ಪೇಪರಲ್ಲಿ ಇಟ್ಟಿರ್ತಾಳೆ, ಆಂಡ್ರೂ ಮ್ಯಾನ್ಸನ್ ಎಳ್ಕೊಂಡು ಬಿಸಿನೀರಿಗೆ ಒಂದ್ಸಲ ತಣ್ಣೀರಿಗೆ ಒಂದ್ಸಲ ಅದ್ದುತ್ತಾನೇ ಇರ್ತಾನೆ, ಕೊನೆಗೆ ಪುಟ್ಟ ಮೂಗಿನ ಹೊಳ್ಳೇಲಿ ಒಂದು ಗುಳ್ಳೆ ಬರುತ್ತೆ. ಲೇಬರ್ ವಾರ್ಡ್ ನೈಟ್ ಡ್ಯೂಟಿ ಮುಗಿಸಿ ಬಂದಿದ್ದ ಹುಡುಗಿ ಮಂಡಕ್ಕಿ ಹಿಡಿದ ಕೈ ಹಂಗೇ ನಿಲ್ಲಿಸಿ "ಆಮೇಲೆ ಸಾರ್?" ಅಂದ್ಳು. ಅವತ್ತೇ ಗೊತ್ತಾಯ್ತು ನನಗೆ. ಎಲ್ಲಿ ನಿಲ್ಲಿಸಿ ಪುಸ್ತಕ ಕೈಗೆ ಕೊಡ್ಬೇಕು ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಅದು ನಾಲ್ಕು ತಿಂಗಳು ಸೋತು ಕಲ್ತಿದ್ದು.

ಒಂದು ಸಲಕ್ಕೆ 25 ನಿಮಿಷ, ಜಾಸ್ತಿ ಬೇಡ. ಮಂಡಕ್ಕಿ ಮಿರ್ಚಿ, ಟೀ ಸೇರಿ ವಾರಕ್ಕೆ 250 ಆಗ್ತಿತ್ತು. ಮ್ಯಾನ್ಸನ್ ಸಂಬಳ ವರ್ಷಕ್ಕೆ 250 ಪೌಂಡ್ ಅನ್ನೋ ಕಡೆ ಹುಡುಗ್ರ ಸ್ಟೈಪೆಂಡ್ (ತರಬೇತಿ ಭತ್ಯೆ) ಜಗಳ ಶುರುವಾಗಿ ಓದೇ ನಿಲ್ತು, ನಿಲ್ಲಲಿ ಅಂತ ಬಿಟ್ಟೆ. ಚರಂಡಿಯಿಂದ ಟೈಫಾಯ್ಡ್ ಹಬ್ತಿದೆ ಅಂತ ಮ್ಯಾನ್ಸನ್ನೂ ಅವನ ಡಾಕ್ಟರ್ ಗೆಳೆಯ ಡೆನ್ನಿನೂ ಡೈನಮೈಟ್ ಇಟ್ಟು ಚರಂಡಿನೇ ಹಾರಿಸೋದು ಎಲ್ರಿಗೂ ಇಷ್ಟ. ಆದ್ರೆ ನನಗೆ ಮುಖ್ಯ ಲಂಡನ್ ಭಾಗ. ದುಡ್ಡಿನ ಹಿಂದೆ ಬಿದ್ದ ಮ್ಯಾನ್ಸನ್ ತನ್ನ ಪೇಷಂಟ್ ವಿಡ್ಲರ್‌ನ ಐವರಿ ಅನ್ನೋ ಸರ್ಜನ್ ಕೈಗೆ ಒಪ್ಪಿಸ್ತಾನೆ, ಆ ಸರ್ಜನ್‌ಗೆ ಕೆಲ್ಸ ಬರಲ್ಲ ಅಂತ ಆಪರೇಷನ್ ಟೇಬಲ್ ಮೇಲೇ ಗೊತ್ತಾಗುತ್ತೆ, ವಿಡ್ಲರ್ ಸಾಯ್ತಾನೆ. ಅವತ್ತು ಟೀ ತಣ್ಣಗಾಯ್ತು, ಯಾರೂ ಮುಟ್ಲಿಲ್ಲ. ಆಮೇಲೆ ಒಬ್ಬ ಹುಡುಗ ತಾನು ಕಂಡ ಒಂದು ರೆಫರಲ್ ಕಮಿಷನ್ (ಪೇಷಂಟ್ ಕಳಿಸಿದ್ದಕ್ಕೆ ಸಿಗೋ ದುಡ್ಡು) ಕಥೆ ತಾನಾಗೇ ಹೇಳ್ದ.

ಗಣಿ ಕೆಲಸಗಾರರ ಶ್ವಾಸಕೋಶ ಕೆಡಿಸೋ ಕಲ್ಲಿದ್ದಲು ಧೂಳಿನ ಅಧ್ಯಾಯ ಓದಿದ ಜೋಶಲ್ಲಿ, ಅಲ್ಲಿನ ಕೆಲಸದವ್ರ ಉಸಿರು ನೋಡೋಣ ಅಂತ ಮಂಡಕ್ಕಿ ಭಟ್ಟಿಗೂ ಹೋದ್ವಿ. ಉಸಿರು ಊದೋ ರಭಸ ಅಳೆಯೋ ಪೀಕ್ ಫ್ಲೋ ಮೀಟರ್‌ಗೆ ಸುಮಾರು 900 ಕೊಟ್ಟು ಇಪ್ಪತ್ತು ಜನರ ಕೈಲಿ ಊದಿಸಿದ್ವಿ, ವಯಸ್ಸು ಎತ್ತರ ಬರ್ಕೊಳ್ಳದೇ ಬಂದಿದ್ವಿ, ಆ ನಂಬರ್ ಯಾವ ಲೆಕ್ಕಕ್ಕೂ ಬರ್ಲಿಲ್ಲ. ಮುಂದಿನ ತಿಂಗಳು ಟೇಪು, ನೋಟ್‌ಬುಕ್ ತಗೊಂಡು ಮತ್ತೆ ಹೋಗ್ತಿದೀವಿ, ಈ ಸಲ ಹುಡುಗ್ರೇ ದಿನ ಗೊತ್ತು ಮಾಡಿದಾರೆ.