ಹಿತ್ತಲಿಗೆ ನೀರು, ಕಪಾಟಿಗೆ ಒಣಗಾಳಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ವಸಂತ ಬಹಳ ದಿನ ನಿಲ್ಲುವುದಿಲ್ಲ. ಬೇವು ಎಲೆ ಉದುರಿಸಿ ಕೆಂಚಿಗುರು ಬಿಟ್ಟು, ಹೂವಾಗಿ, ಆ ಹೂ ಯುಗಾದಿಯ ಬೇವುಬೆಲ್ಲಕ್ಕೆ ಬರುವಷ್ಟರಲ್ಲಿ ಬಿಸಿಲು ಸುಡಲು ಶುರುವಾಗಿರುತ್ತದೆ. ಮನೆಯಲ್ಲಿ ಪುಸ್ತಕ ಹಿಡಿದು ಹಕ್ಕಿ ನೋಡುತ್ತ ಕೂರುವ ಹೊತ್ತೆಂದರೆ ಬೆಳಿಗ್ಗೆ 6ರಿಂದ 9, ಸಂಜೆ 5ರ ಮೇಲೆ ಕತ್ತಲಾಗುವವರೆಗೆ. ಈ ದಿನಗಳಲ್ಲಿ ಹಿತ್ತಲು ನೀರು ಬೇಡುತ್ತದೆ, ಪುಸ್ತಕದ ಕಪಾಟು ಒಣಗಾಳಿ ಬೇಡುತ್ತದೆ. ಬಹಳ ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ಹಕ್ಕಿಯ ಬೋಗುಣಿ ಮಧ್ಯಾಹ್ನಕ್ಕೇ ಬತ್ತಿ ಕೂತಿರುತ್ತದೆ, ಕಪಾಟಿನೊಳಗೆ ಕೂಲರಿನ ತೇವ ಸೇರಿ ಬೆಳ್ಳಿಹುಳ ಓಡಾಡುತ್ತಿರುತ್ತವೆ.

ಮೊದಲು ನೀರಿನ ಮಾತು. ಕುಂಬಾರರ ಹತ್ತಿರ ಸುಮಾರು 12 ಅಂಗುಲ ಅಗಲ, 2 ಅಂಗುಲ ಆಳದ ಮಣ್ಣಿನ ಬೋಗುಣಿ ತನ್ನಿ. ಒಳಗೆ ಹೊಳಪು ಕೊಟ್ಟಿರಬಾರದು, ಹಕ್ಕಿಯ ಕಾಲು ಜಾರುತ್ತದೆ. ಹೊಸದನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸಿ. ನಡುವೆ ಒಂದು ಚಪ್ಪಟೆ ಕಲ್ಲು ಇಟ್ಟು, ಅದರ ನೆತ್ತಿ ನೀರಿನ ಮೇಲೆ ಕಾಣುವಂತೆ ತುಂಬಿಸಿ. ಗುಬ್ಬಿ ಕಲ್ಲಿನ ಮೇಲೆ ಕೂತು ಕುಡಿಯುತ್ತದೆ, ಗೊರವಂಕ ಅಂಚಿನಿಂದ ಇಳಿದು ಮೀಯುತ್ತದೆ. ಆಳ ಹೆಚ್ಚಾದರೆ ಮರಿಹಕ್ಕಿ ಮುಳುಗುವ ಭಯವಿದೆ, ಎರಡು ಬೆರಳು ನೀರು ಸಾಕು. ಸ್ಟೀಲು, ಅಲ್ಯೂಮಿನಿಯಂ ತಟ್ಟೆ ಬೇಡ. ಹನ್ನೊಂದು ಗಂಟೆಗೇ ನೀರು ಕಾದುಬಿಡುತ್ತದೆ.

ಎಲ್ಲಿ ಇಡುತ್ತೀರಿ ಅನ್ನುವುದು ಪಾತ್ರೆಗಿಂತ ದೊಡ್ಡ ವಿಚಾರ. ಬೇವಿನದೋ ಹೊಂಗೆಯದೋ ನೆರಳು ಮಧ್ಯಾಹ್ನವೆಲ್ಲ ಬೀಳುವ ಜಾಗ ನೋಡಿ. ದಟ್ಟ ಪೊದೆಗೆ ತಾಗಿಸಿ ಇಟ್ಟರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ಪೊದೆಯಿಂದ 6ರಿಂದ 8 ಅಡಿ ದೂರ, ನೆಲದಿಂದ 4 ಅಡಿ ಎತ್ತರದ ಕಟ್ಟೆ ಅಥವಾ ಕಲ್ಲುಕಂಬದ ಮೇಲೆ ಇಡಿ. ನೀರು ದಿನಕ್ಕೆ ಎರಡು ಸಲ: ಬೆಳಿಗ್ಗೆ 6ಕ್ಕೆ ಒಮ್ಮೆ, ಮಧ್ಯಾಹ್ನ 3ರ ಸುಮಾರಿಗೆ ಒಮ್ಮೆ. ಬೆಳಗಿನದೊಂದೇ ಸಾಲುವುದಿಲ್ಲ. ಮಣ್ಣು ಹೀರಿಕೊಂಡು, ಬಿಸಿಲು ಕುಡಿದು, ಹಕ್ಕಿಗೆ ನೀರು ಬೇಕೇ ಬೇಕಾದ ಹೊತ್ತಿಗೆ ಅದು ಖಾಲಿ.

ನಮ್ಮ ಕಡೆಯ ಬೋರಿನ ನೀರು ಗಡಸು. ಹದಿನೈದು ದಿನದಲ್ಲಿ ಬೋಗುಣಿಯ ಹೊರಮೈಗೆ ಬಿಳಿ ಉಪ್ಪು ಕಟ್ಟುತ್ತದೆ. ಅದನ್ನು ನೋಡಿ ಸುಮ್ಮನೆ ಬಿಡಬೇಡಿ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆರಿದಾಗಲೇ ಒಳಗಿನ ನೀರು ತಂಪಾಗುವುದು. ಉಪ್ಪು ಆ ರಂಧ್ರ ಮುಚ್ಚಿದರೆ ಮಣ್ಣಿನ ಬೋಗುಣಿಯೂ ಪ್ಲಾಸ್ಟಿಕ್ಕೂ ಒಂದೇ. ನೆನೆಸಿದ ಹುಣಸೆಹಣ್ಣಿನ ಗಸಿ ಹಚ್ಚಿ ಅರ್ಧ ಗಂಟೆ ಬಿಟ್ಟು, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿ ತೊಳೆದು, ಒಂದು ದಿನ ಬಿಸಿಲಿಗೆ ಬೋರಲು ಹಾಕಿ. ಅಷ್ಟರವರೆಗೆ ಇನ್ನೊಂದು ಬೋಗುಣಿ ಇರಲಿ, ಅದಕ್ಕೇ ತರುವಾಗ ಜೋಡಿ ತರಬೇಕು. ಸೋಪು, ಬಟ್ಟೆ ಪುಡಿ ತಾಗಿಸಬೇಡಿ, ಮಣ್ಣು ಅದನ್ನು ಕುಡಿದುಬಿಡುತ್ತದೆ.

ಉಪ್ಪು ತೆಗೆಯುವುದು ಹದಿನೈದು ದಿನಕ್ಕೊಮ್ಮೆಯಾದರೆ, ಬರೀ ತಿಕ್ಕಿ ತೊಳೆಯುವುದು ಎರಡು ಮೂರು ದಿನಕ್ಕೊಮ್ಮೆ ಆಗಬೇಕು. ಈ ಸೆಕೆಗೆ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ ಹತ್ತು ದಿನ ಸಾಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನಂಚಿನ ಗೋಡೆಗೆ. ನೀರು ಚೆಲ್ಲಿ ಹೊಸ ನೀರು ತುಂಬಿದರೆ ಮೊಟ್ಟೆ ಅಲ್ಲೇ ಉಳಿಯುತ್ತವೆ, ಅದಕ್ಕೇ ತಿಕ್ಕು ಬೇಕು. ಜೇನುಹುಳ ಬೋಗುಣಿಗೆ ಮುತ್ತಿದರೆ ಅವನ್ನು ಓಡಿಸಬೇಡಿ, ಅವಕ್ಕೂ ಬಾಯಾರಿಕೆ. ಒಂದು ತಟ್ಟೆಯಲ್ಲಿ ಗೋಣಿತಾಟು ನೆನೆಸಿ ಹತ್ತು ಹೆಜ್ಜೆ ಆಚೆ ಇಡಿ, ಎರಡು ದಿನದಲ್ಲಿ ಬಹುಪಾಲು ಅಲ್ಲಿಗೆ ಹೋಗುತ್ತವೆ.

ಕಾಳಿಗೆ ದೊಡ್ಡ ಖರ್ಚಿಲ್ಲ. ಗಂಗಾವತಿ, ಸಿಂಧನೂರಿನ ಗಿರಣಿಗಳ ಅಕ್ಕಿನುಚ್ಚು, ಮನೆಯ ಸಜ್ಜೆ, ನವಣೆ, ಇವಿಷ್ಟೇ ಸಾಕು. ಹತ್ತು ಹದಿನೈದು ಗುಬ್ಬಿ ಬರುವ ಹಿತ್ತಲಿಗೆ ಬೆಳಿಗ್ಗೆ ಒಂದು ಹಿಡಿ, ಅಂದರೆ 40ರಿಂದ 50 ಗ್ರಾಂ. ಸಂಜೆಗೆ ಕಾಳು ಉಳಿದಿದ್ದರೆ ಗುಡಿಸಿ ತೆಗೆಯಿರಿ. ರಾತ್ರಿ ಉಳಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಉಪ್ಪು ಹಾಕಿದ ಅನ್ನ, ಮಿರ್ಚಿ ಬಜ್ಜಿ, ಚೂಡಾ ಮಂಡಕ್ಕಿ ಹಾಕಬೇಡಿ. ಇನ್ನೊಂದು ಮಾತು, ಒಕ್ಕಲುತನದ ಮನೆಯವರು ಇದನ್ನು ಮರೆಯಲೇಬಾರದು: ಬಿತ್ತನೆಗೆ ತಂದು ಉಳಿದ ಸಜ್ಜೆ, ಜೋಳ, ಮೆಕ್ಕೆಜೋಳದ ಬೀಜಕ್ಕೆ ಕೆಂಪು ಗುಲಾಬಿ ಬಣ್ಣ ಹಚ್ಚಿರುತ್ತಾರೆ. ಅದು ವಿಷ ಲೇಪಿಸಿದ ಗುರುತು. ತೊಳೆದರೂ ಪೂರ್ತಿ ಹೋಗುವುದಿಲ್ಲ, ಹಕ್ಕಿಗೆ ಹಾಕಿದರೆ ಸಾಯುತ್ತವೆ.

ಹಿಂಗಾರು ಜೋಳ ಕೊಯ್ಲಾಗಿರುವ ಹೊತ್ತಿದು. ಒಂದಡಿ ದಂಟು ಬಿಟ್ಟು ಕತ್ತರಿಸಿದ 15–20 ತೆನೆಗಳನ್ನು ನೆರಳಲ್ಲಿ ಎರಡು ದಿನ ಆರಿಸಿ, ದಂಟಿನ ತುದಿ ಕಟ್ಟಿ, ಪಡಸಾಲೆಯ ಸೂರಿಗೆ ತಲೆಕೆಳಗಾಗಿ ತೂಗುಹಾಕಿ. ಆರಿಸದೆ ಕಟ್ಟಿದರೆ ಗೊಂಚಲಿನ ಒಳಗೆ ಬೂಷ್ಟು ಬರುತ್ತದೆ. ಹಿಡಿದ ದಾರ ತೆಳುವಾಗಿದ್ದರೆ ಗುಬ್ಬಿ ಬರುತ್ತದೆ, ಅಳಿಲಿಗೆ ಇಳಿಯಲು ಕಷ್ಟ. ಆದರೂ ಮರಿಗಳ ಹೊಟ್ಟೆ ಕಾಳಿನಿಂದ ತುಂಬುವುದಿಲ್ಲ. ಗುಬ್ಬಿ ತನ್ನ ಎಳೆಮರಿಗೆ ತಿನ್ನಿಸುವುದು ಹುಳಹುಪ್ಪಟೆ. ಹಿತ್ತಲಿನ ಬದನೆ, ನುಗ್ಗೆಗೆ ಈ ಎರಡು ತಿಂಗಳು ವಿಷದ ಔಷಧಿ ಹೊಡೆಯದಿರುವುದು ನೂರು ಹಿಡಿ ಕಾಳಿಗಿಂತ ಮಿಗಿಲು.

ಯುಗಾದಿ ಬಂತೆಂದರೆ ಸುಣ್ಣಬಣ್ಣ, ಜಾಡು ತೆಗೆಯುವ ಕೆಲಸ. ಹಕ್ಕಿಗೂ ಅದೇ ಕಾಲದಲ್ಲಿ ಗೂಡಿನ ಕೆಲಸ. ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿ ತನ್ನ ತೂಗುಗೂಡನ್ನು ಜೇಡರ ಬಲೆಯಿಂದಲೇ ಬಿಗಿಯುತ್ತದೆ. ಆದ್ದರಿಂದ ಒಳಮನೆ ಎಷ್ಟಾದರೂ ಗುಡಿಸಿ, ಹಿತ್ತಲಿನ ಸೂರಿನ ಕೆಳಗಿನ ಬಲೆ ಹಬ್ಬ ಕಳೆಯುವವರೆಗೆ ಇರಲಿ. ಬಣ್ಣದ ಕೆಲಸ ಶಿವರಾತ್ರಿಯೊಳಗೆ ಮುಗಿಸಿಕೊಳ್ಳುವುದು ಜಾಣತನ. ಆಗದಿದ್ದರೆ ಏಣಿ ಹಾಕುವ ಮುನ್ನ ಬೆಳಕಿಂಡಿ, ಮೀಟರ್ ಪೆಟ್ಟಿಗೆಯ ಹಿಂಬದಿ, ಬಳ್ಳಿ ಹಬ್ಬಿದ ತಂತಿ, ಕುಂಡದ ಗಿಡ ಒಮ್ಮೆ ನೋಡಿ. ಪಿಕಳಾರ ಸೊಂಟದೆತ್ತರದ ದಾಸವಾಳದಲ್ಲೂ ಮೊಟ್ಟೆ ಇಡುತ್ತದೆ. ಸಿಂಪಿಗ ಹಕ್ಕಿ ಎರಡು ಎಲೆ ಹೊಲಿದು ಒಳಗೆ ಕೂತರೆ ಮೊಳದ ದೂರದಿಂದಲೂ ಕಾಣದು. ಗುಬ್ಬಿ, ಪಿಕಳಾರ, ಸೂರಕ್ಕಿ ಯಾವುದಾದರೂ ಸರಿ, ಮೊಟ್ಟೆ ಕಂಡ ದಿನದಿಂದ ಸುಮಾರು ನಾಲ್ಕು ವಾರ ಆ ಮೂಲೆ ಬಿಟ್ಟರೆ ಮರಿ ಹಾರಿಹೋಗಿರುತ್ತವೆ. ಗೋಡೆಯ ಒಂದು ಗಜ ಜಾಗ ಬಣ್ಣವಿಲ್ಲದೆ ಇದ್ದರೆ ಹಬ್ಬ ಕೆಡುವುದಿಲ್ಲ.

ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆಯ ಸಂದಿಯಲ್ಲಿ ಗುಬ್ಬಿಗೆ ಜಾಗವಿತ್ತು, ಆರ್‌ಸಿಸಿ ಮನೆಯಲ್ಲಿ ಇಲ್ಲ. ಪೆಟ್ಟಿಗೆ ಮಾಡಿಸುವುದಾದರೆ ಬಡಗಿಗೆ ಅಳತೆ ಹೀಗೆ ಹೇಳಿ: ಅರ್ಧ ಅಂಗುಲ ದಪ್ಪದ ಮರದ ಹಲಗೆ, ಒಳಗಿನ ತಳ 6 ಅಂಗುಲ ಚೌಕ, ಎತ್ತರ 8 ಅಂಗುಲ, ತಳದಿಂದ 5 ಅಂಗುಲ ಮೇಲೆ ಒಂದೂಕಾಲು ಅಂಗುಲದ ದುಂಡು ಬಾಯಿ, ತಳದ ಮೂಲೆಗಳಲ್ಲಿ ನೀರು ಸೋರಲು ನಾಲ್ಕು ಸಣ್ಣ ತೂತು. ಬಾಯಿ ಎರಡು ಅಂಗುಲವಾದರೆ ಗೊರವಂಕ ಸೇರಿಕೊಂಡು ಗುಬ್ಬಿಯನ್ನು ಹೊರಹಾಕುತ್ತದೆ. ಒಳಗೆ ಬಣ್ಣ, ವಾರ್ನಿಷ್ ಬೇಡ. ಬಾಯಿಯ ಕೆಳಗೆ ಕೂರುವ ಕಡ್ಡಿಯೂ ಬೇಡ, ಅದು ಕಾಗೆಗೆ ಅನುಕೂಲ. ನೆಲದಿಂದ 8ರಿಂದ 10 ಅಡಿ ಮೇಲೆ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಸೂರಿನ ಕೆಳಗೆ ಬಿಗಿಯಿರಿ. ತಗಡಿನ ಶೀಟಿಗೆ ತಾಗಿಸಿ ಕಟ್ಟಿದರೆ ಏಪ್ರಿಲ್‌ನಲ್ಲಿ ಒಳಗೆ ಮರಿ ಬೆಂದುಹೋಗುತ್ತವೆ. ಒಳಮನೆಯ ಫ್ಯಾನಿಗೆ ಗುಬ್ಬಿ ಬಡಿಯುವ ಮನೆಯಾದರೆ, ಗೂಡು ಕಟ್ಟುವ ಮೊದಲೇ ಬೆಳಕಿಂಡಿಗೆ ಹೊರಗಿನಿಂದ ಜಾಲರಿ ಹಾಕಿಸಿ ಪೆಟ್ಟಿಗೆಯನ್ನು ಹೊರಗೋಡೆಗೆ ಕೊಡಿ. ಮೊಟ್ಟೆ ಇಟ್ಟ ಮೇಲೆ ಜಾಲರಿ ಹಾಕುವುದು ಪಾಪದ ಕೆಲಸ.

ಅರೆಬರೆ ಪುಕ್ಕದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಮನೆಯೊಳಗೆ ತರಬೇಡಿ, ಬಾಯಿಗೆ ಹಾಲು, ನೀರು ಬಿಡಬೇಡಿ. ನೀರು ಶ್ವಾಸನಾಳಕ್ಕೆ ಹೋಗಿ ಮರಿ ಸಾಯುತ್ತದೆ. ಎತ್ತಿ ಹತ್ತಿರದ ಕೊಂಬೆಯ ಮೇಲಿಟ್ಟು ದೂರ ನಿಲ್ಲಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಡುತ್ತದೆ ಎಂಬ ಮಾತು ಸುಳ್ಳು. ಇನ್ನು ಗಿಣಿಮರಿ ಸಿಕ್ಕಿತೆಂದು ಪಂಜರಕ್ಕೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಈಗ ಕಪಾಟಿನ ಕಡೆ ಬರೋಣ. ಮಳೆಗಾಲಕ್ಕೆ ಮುಂಚೆ ಪುಸ್ತಕಕ್ಕೆ ಗಾಳಿ ಆಡಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಬಿಸಿಲಿಗೆ ಹಾಕಬಾರದು. ಬಿಸಿಲಿಗೆ ಹಾಳೆ ಹಳದಿ ತಿರುಗುತ್ತದೆ, ಬೆನ್ನಿನ ಅಂಟು ಗರಿಗರಿಯಾಗಿ ಒಡೆದು ಪುಟ ಕಳಚುತ್ತದೆ. ಬೆಳಿಗ್ಗೆ 7ಕ್ಕೆ ನೆರಳಿರುವ ಪಡಸಾಲೆಯಲ್ಲಿ ಒಣಬಟ್ಟೆ ಹಾಸಿ, ಪುಸ್ತಕಗಳನ್ನು ಬೀಸಣಿಗೆ ಬಿಚ್ಚಿದ ಹಾಗೆ ನಿಲ್ಲಿಸಿ, ಎರಡು ಗಂಟೆ ಬಿಟ್ಟು ಎತ್ತಿಡಿ. 10ರ ಮೇಲೆ ಗಾಳಿ ಧೂಳು ಹೊತ್ತು ತರುತ್ತದೆ.

ಆ ಧೂಳು ಊರೂರಿಗೆ ಬೇರೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ಸಿರುಗುಪ್ಪ, ಸಿಂಧನೂರು ಕಡೆ ಎರೆಮಣ್ಣು, ಮೆಣಸಿನಕಾಯಿ ಒಣಗಿಸುವ ಕಣ ಹತ್ತಿರವಿದ್ದರೆ ಕಣ್ಣುರಿಸುವ ಪುಡಿ. ಇದಕ್ಕೆ ಒದ್ದೆ ಬಟ್ಟೆ ಮುಟ್ಟಿಸಲೇಬಾರದು. ಕೆಂಪು ಧೂಳಿಗೆ ತೇವ ತಗುಲಿದರೆ ಹಾಳೆಯ ಎಳೆಯೊಳಗೆ ಇಳಿದು ಕಲೆಯಾಗುತ್ತದೆ, ಮತ್ತೆ ಹೋಗದು. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಎರಡು ಅಂಗುಲದ ಮೆತ್ತನೆಯ ಪೇಂಟಿನ ಬ್ರಷ್‌ನಿಂದ ಮೇಲಂಚನ್ನು ಬೆನ್ನಿನ ಕಡೆಯಿಂದ ಹೊರಗಿನ ಕಡೆಗೆ ಗುಡಿಸಿ. ಸಡಿಲ ಹಿಡಿದರೆ ಧೂಳು ಪುಟದೊಳಗೆ ಜಾರುತ್ತದೆ. ಎರಡು ಪುಸ್ತಕ ಪಟಪಟ ಬಡಿಯುವವರು ಬೈಂಡಿಂಗ್ ಮುರಿಯುತ್ತಿದ್ದಾರೆ ಎಂದೇ ತಿಳಿಯಿರಿ.

ಬೆಳ್ಳಿಹುಳಕ್ಕೆ ಬೇಕಾದ್ದು ತೇವ ಮತ್ತು ಗಂಜಿಯ ಅಂಟು. ನಮ್ಮ ಒಣ ಸೀಮೆಯ ವಸಂತದಲ್ಲಿ ಅದಕ್ಕೆ ತೇವ ಕೊಡುವವರು ನಾವೇ, ಕೂಲರಿನಿಂದ. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಕೋಣೆ ತಂಪಾಗುವುದಿಲ್ಲ, ಜಿಗಿಜಿಗಿ ಆಗುತ್ತದೆ. ಆ ತೇವ ಪುಸ್ತಕ ಹೀರುತ್ತದೆ. ಕೂಲರಿನ ಎದುರು ಗೋಡೆಯ ಕಿಟಕಿ ಒಂದು ಗೇಣು ತೆಗೆದಿರಲಿ, ಒಳಬಂದ ಗಾಳಿ ಹೊರಹೋಗಲಿ. ಕೂಲರಿನ ಬಾಯಿ ಕಪಾಟಿಗೆ ನೇರ ಇರಬಾರದು. ಕೂಲರ್ ಆರಿಸುವ ಅರ್ಧ ಗಂಟೆ ಮೊದಲು ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ, ಪ್ಯಾಡೂ ಒಣಗುತ್ತದೆ, ಕೋಣೆಯೂ ಒಣಗುತ್ತದೆ. ಸಾಧ್ಯವಾದರೆ ಪುಸ್ತಕ ಕೂಲರ್ ಇಲ್ಲದ ಕೋಣೆಯಲ್ಲೇ ಇರಲಿ, ನೀವು ಒಂದೊಂದಾಗಿ ತಂದು ಓದಿ.

ಹುಳ ಇದೆಯೋ ಇಲ್ಲವೋ ತಿಳಿಯಲು ಒಂದು ಗಾಜಿನ ಉಪ್ಪಿನಕಾಯಿ ಬಾಟಲಿ ಸಾಕು. ಹೊರಮೈಗೆ ಕಾಗದದ ಟೇಪು ಸುತ್ತಿ, ಒಳಗೆ ಒಂದು ಚಮಚ ಗೋಧಿಹಿಟ್ಟು ಹಾಕಿ, ರಾತ್ರಿ ಕಪಾಟಿನ ಕೆಳಗಿಡಿ. ಒರಟು ಟೇಪು ಹಿಡಿದು ಹುಳ ಹತ್ತುತ್ತದೆ, ಒಳಗೆ ಬಿದ್ದ ಮೇಲೆ ನುಣುಪು ಗಾಜು ಹತ್ತಲಾಗುವುದಿಲ್ಲ. ಬೇವಿನ ಎಲೆ ಇಡುವ ರೂಢಿ ಒಳ್ಳೆಯದೇ, ಆದರೆ ಹಸಿಎಲೆ ಇಟ್ಟು ಪುಟಕ್ಕೆ ಕಂದು ಕಲೆ ಹಚ್ಚಿಕೊಂಡವರು ಬಹಳ. ನೆರಳಲ್ಲಿ ಒಂದು ವಾರ ಆರಿಸಿ, ಹಿಡಿದರೆ ಪುಡಿಯಾಗುವಂತಾದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಪುಸ್ತಕದ ಹಿಂದೆ ಇಡಿ, ಪುಟದ ನಡುವೆ ಬೇಡ. ಬೇವು ಹುಳವನ್ನು ದೂರವಿಡಲು ನೆರವಾಗುತ್ತದೆ, ಒಳಸೇರಿದ ಹುಳವನ್ನು ಕೊಲ್ಲುವುದಿಲ್ಲ. ಪುಟದಲ್ಲಿ ದುಂಡನೆ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದು ಕೊರೆಯುವ ಹುಳ. ಆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಹಾಳೆಯ ಮೇಲೆ ನೀರು ಕೂರುತ್ತದೆ. ಡಾಂಬರು ಗುಳಿಗೆ ಬೇಡವೆಂದೇ ಹೇಳುತ್ತೇನೆ, ಮಕ್ಕಳಿರುವ ಮನೆಯಲ್ಲಂತೂ ಆ ಗಾಳಿ ಕೆಟ್ಟದ್ದು.

ಗೆದ್ದಲಿಗೆ ಗೋಡೆಯೇ ದಾರಿ. ಕಪಾಟು ಗೋಡೆಯಿಂದ ನಾಲ್ಕು ಬೆರಳು ಈಚೆ, ನೆಲದಿಂದ ಅರ್ಧ ಅಡಿ ಮೇಲೆ ಇದ್ದರೆ ಮಣ್ಣಿನ ಗೆರೆ ಎದ್ದ ದಿನವೇ ಕಣ್ಣಿಗೆ ಬೀಳುತ್ತದೆ.

ಓದಲು ಕೂರುವ ಜಾಗ ಬೋಗುಣಿಯಿಂದ 15 ಅಡಿ ದೂರವಿರಲಿ, ನಿಮ್ಮ ಬೆನ್ನಿಗೆ ಗೋಡೆ ಇರಲಿ. ಬಯಲಿಗೆ ಎದ್ದುಕಾಣುವ ಹಾಗೆ ಕೂತರೆ ಬೆಳವ, ಮಡಿವಾಳ ಹಕ್ಕಿ ಇಳಿಯಲು ಅಂಜುತ್ತವೆ. ಮೊದಲ ಹತ್ತು ನಿಮಿಷ ಪುಟ ತಿರುಗಿಸುವುದೂ ಮೆಲ್ಲಗೆ ಆಗಲಿ, ಆಮೇಲೆ ಹರಟೆಮಲ್ಲ ಹಕ್ಕಿಗಳ ಗುಂಪು ಕಾಲಬುಡಕ್ಕೇ ಬಂದು ತರಗೆಲೆ ಕೆದಕುತ್ತದೆ. ಮಧ್ಯಾಹ್ನ ಎಲ್ಲ ಸದ್ದಡಗಿದ ಮೇಲೂ ಕಂಚುಗಾರ ಹಕ್ಕಿಯ ಟುಕ್ ಟುಕ್ ಮಾತ್ರ ನಿಲ್ಲುವುದಿಲ್ಲ. ಬೈಕಿನ ಕನ್ನಡಿಗೋ ಕಿಟಕಿಯ ಗಾಜಿಗೋ ಒಂದೇ ಹಕ್ಕಿ ದಿನವೂ ಕುಕ್ಕುತ್ತಿದ್ದರೆ ತನ್ನ ನೆರಳನ್ನೇ ಎದುರಾಳಿ ಅಂದುಕೊಂಡಿದೆ. ಕನ್ನಡಿಗೆ ಚೀಲ ಹಾಕಿ, ಗಾಜಿಗೆ ಹೊರಗಿನಿಂದ ಹಳೆಯ ಪತ್ರಿಕೆ ಅಂಟಿಸಿ. ಒಳಗಿನಿಂದ ಪರದೆ ಎಳೆದರೆ ಪ್ರತಿಬಿಂಬ ಇನ್ನೂ ಎದ್ದು ಕಾಣುತ್ತದೆ.

ಏಪ್ರಿಲ್ ನಡುವೆ ಅಶ್ವಿನಿ ಮಳೆ ಹೂಡುತ್ತದೆ. ನಮ್ಮ ಕಡೆ ಅದು ನೀರಿಗಿಂತ ಗಾಳಿ, ಧೂಳು ಹೆಚ್ಚು ತರುತ್ತದೆ. ಅದರೊಳಗೆ ಪುಸ್ತಕ ಗಾಳಿಗೆ ಹಾಕುವ ಕೆಲಸ ಮುಗಿದಿರಲಿ, ಗುಬ್ಬಿ ಪೆಟ್ಟಿಗೆಯ ತಂತಿ ಒಮ್ಮೆ ಜಗ್ಗಿ ನೋಡಿ ಬಿಗಿಮಾಡಿ. ಬಡಗಣ ಮೂಲೆಯಲ್ಲೋ ಪಡುವಣದಲ್ಲೋ ಕೆಂಧೂಳು ಎದ್ದದ್ದು ಕಂಡ ಕೂಡಲೇ ಮೊದಲು ಕಪಾಟಿನ ಕೋಣೆಯ ಕಿಟಕಿ ಹಾಕಿ. ಗಾಳಿ ನಿಂತ ಮೇಲೆ ಬೋಗುಣಿಯ ಕೆಸರು ಚೆಲ್ಲಿ ಕತ್ತಲಾಗುವುದರೊಳಗೆ ಹೊಸ ನೀರು ತುಂಬಿಡಿ, ಬೆಳಗಿನ ಐದೂವರೆಗೇ ಹಕ್ಕಿ ಕುಡಿಯಲು ಬರುತ್ತವೆ.