ಕರಡಿ ಬಿಟ್ಟು ತೋಳ ಹಿಡಿದೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಗೆಳೆಯರು ಕೂತು ಒಬ್ಬೊಬ್ಬರು ಒಂದು ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಆಟ. ಅದರ ಐದನೇ ಆವೃತ್ತಿಯಲ್ಲಿ ನನ್ನ ಮೊದಲ ಬಾರ್ಬೇರಿಯನ್ (ಆವೇಶದಿಂದ ಕಾದಾಡುವ ಯೋಧ) ಕರಡಿಯ ಪಾಲಿಗೆ ಸೇರಿದವನು. ಕೇಳಿದವರೆಲ್ಲ ಅದನ್ನೇ ತಗೋ ಅಂದಿದ್ದರು. 2014ರ ನಿಯಮದಲ್ಲಿ ಟೋಟೆಮ್ ವಾರಿಯರ್ (ಪ್ರಾಣಿಯ ಶಕ್ತಿ ಪಡೆಯುವ ಬಾರ್ಬೇರಿಯನ್) ಆದವರು 3ನೇ ಲೆವೆಲ್‌ಗೆ ಒಂದು ಪ್ರಾಣಿ ಆರಿಸಬೇಕು. ಕರಡಿ ಆದರೆ ರೇಜ್‌ನಲ್ಲಿ, ಅಂದರೆ ಆವೇಶದಲ್ಲಿ, ಇರುವಷ್ಟು ಹೊತ್ತು ಸೈಕಿಕ್ (ಮನಸ್ಸಿಗೆ ಬೀಳುವ ಪೆಟ್ಟು) ಒಂದನ್ನು ಬಿಟ್ಟು ಬೆಂಕಿ, ವಿಷ, ಸಿಡಿಲು ಎಲ್ಲದರ ಪೆಟ್ಟೂ ಅರ್ಧ.

ನಾನು ಸಾಯಲೇ ಇಲ್ಲ. ಸತ್ತದ್ದು ನಮ್ಮ ವಿಝರ್ಡ್, ಅಂದರೆ ಗುಂಪಿನ ಮಂತ್ರವಾದಿ. ನಮ್ಮ ಡಂಜನ್ ಮಾಸ್ಟರ್ (ಆಟ ನಡೆಸುವವರು) ಆಡಿಸುವ ಶತ್ರುಗಳಿಗೆ ಬುದ್ಧಿ ಜಾಸ್ತಿ. ಎರಡು ಸುತ್ತು ನನಗೆ ಹೊಡೆದು ನೋಡಿದರು, ಇವನು ಬೀಳಲ್ಲ ಅಂತ ಗೊತ್ತಾಯಿತು, ನನ್ನನ್ನು ದಾಟಿ ಹಿಂದಕ್ಕೆ ನುಗ್ಗಿದರು. ದಾಟಿದವರಲ್ಲಿ ಒಬ್ಬನಿಗೆ ಮಾತ್ರ ನಾನು ಹೊಡೆಯಲು ಆಯಿತು. ಕರಡಿ ಪಕ್ಕದಲ್ಲಿದ್ದಾಗ ಬೇರೆಯವರ ಮೇಲೆ ಕೈ ಮಾಡುವುದು ಶತ್ರುಗಳಿಗೆ ಕಷ್ಟವಾಗುವುದು 14ನೇ ಲೆವೆಲ್‌ನಿಂದ. ನಾವಿನ್ನೂ 5ರಲ್ಲಿದ್ದೆವು.

ಮುಂದಿನ ಆಟಕ್ಕೆ ಕೂರುವಾಗ ಮೊದಲು ನೋಡಿದ್ದು ನನ್ನ ಪಾತ್ರದ ವಿವರ ಇರುವ ಹಾಳೆಯನ್ನಲ್ಲ, ಪಕ್ಕದವರ ಹಾಳೆಯನ್ನು. ಒಬ್ಬ ರೋಗ್ (ಕಳ್ಳ ಹೆಜ್ಜೆಯ ಚತುರ), ಒಬ್ಬ ದೊಡ್ಡ ಕತ್ತಿಯ ಫೈಟರ್. ತೋಳ ತೆಗೆದುಕೊಂಡೆ. ನಾನು ರೇಜ್‌ನಲ್ಲಿದ್ದಾಗ ನನ್ನಿಂದ 5 ಅಡಿಯೊಳಗಿನ ಶತ್ರುವಿಗೆ ಗೆಳೆಯರು ಕೈಯಾಯುಧದಿಂದ ಹೊಡೆದರೆ ಅವರಿಗೆ ಅಡ್ವಾಂಟೇಜ್. ದಾಳ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು.

ಇದರ ಲಾಭ ರೋಗ್‌ಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಶತ್ರುವಿನ ಪಕ್ಕ ನಾನು ನಿಂತಿದ್ದರೆ ಸಾಕು, ರೋಗ್‌ಗೆ ಸ್ನೀಕ್ ಅಟ್ಯಾಕ್, ಅಂದರೆ ಅವನ ಹೆಚ್ಚುವರಿ ಪೆಟ್ಟು, ಹೇಗೂ ಸಿಗುತ್ತದೆ, ಅಲ್ವಾ? ನಿಜವಾಗಿ ಲಾಭವಾದದ್ದು ಫೈಟರ್‌ಗೆ. ಅವನ ಹತ್ತಿರ ಗ್ರೇಟ್ ವೆಪನ್ ಮಾಸ್ಟರ್ ಅನ್ನುವ ವಿಶೇಷ ಸಾಮರ್ಥ್ಯ ಇತ್ತು. ಗುರಿಯಲ್ಲಿ 5 ಕಳೆದುಕೊಂಡರೆ ಪೆಟ್ಟಿಗೆ 10 ಸೇರುತ್ತದೆ. ಅವನಿಗೆ 20 ಮುಖದ ದಾಳದಲ್ಲಿ 9 ಅಥವಾ ಹೆಚ್ಚು ಬಿದ್ದರೆ ಸಾಕು ಅನ್ನೋಣ. ನೂರಕ್ಕೆ 60 ಸಲ ತಗಲುತ್ತದೆ. 5 ಕಳೆದರೆ 14 ಬೇಕು, ಅದು 35ಕ್ಕೆ ಇಳಿಯುತ್ತದೆ. ನಾನು ಪಕ್ಕದಲ್ಲಿದ್ದರೆ ಮತ್ತೆ ಸುಮಾರು 58! ಕಳೆದದ್ದು ಹೆಚ್ಚುಕಡಿಮೆ ವಾಪಸ್ ಬಂತು, 10 ಪೆಟ್ಟು ಸುಮ್ನೆ ಸಿಕ್ಕಿತು. ಮೊದಲ ದಿನ ಒಂದು ಓಗರ್ (ದೈತ್ಯ) ನನ್ನತ್ತ ತಿರುಗುವ ಮೊದಲೇ ಬಿತ್ತು. ಅವತ್ತು ಫೈಟರ್ ಆಡುತ್ತಿದ್ದ ಗೆಳೆಯ ಎದ್ದು ನಿಂತು ಕೂಗಿದ್ದು ನನಗೆ ಇನ್ನೂ ಖುಷಿ ಕೊಡುತ್ತದೆ.

ಬಿಲ್ಲುಗಾರರೇ ತುಂಬಿದ ಗುಂಪಿನಲ್ಲಿ ಮಾತ್ರ ಈ ತೋಳದಿಂದ ಏನೂ ಉಪಯೋಗವಿಲ್ಲ.

6ನೇ ಲೆವೆಲ್‌ಗೆ ಹದ್ದು ತೆಗೆದುಕೊಂಡೆ. ಪ್ರತಿ ಸಲ ಅದೇ ಪ್ರಾಣಿ ಆರಿಸಬೇಕೆಂದಿಲ್ಲ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಒಂದು ಮೈಲಿ ದೂರ ಸ್ಪಷ್ಟವಾಗಿ ಕಾಣುತ್ತದೆ. 3ನೇ ಲೆವೆಲ್‌ಗೇ ಸಿಗುವ, ಪ್ರಾಣಿಗಳ ಜೊತೆ ಮಾತಾಡುವ ವಿದ್ಯೆಯನ್ನೂ ಮರೆಯಬೇಡಿ. ಒಮ್ಮೆ ಗುಹೆಯ ಬಾವಲಿಯನ್ನು ಒಳಗೆ ಎಷ್ಟು ಜನ ಇದ್ದಾರೆ ಅಂತ ಕೇಳಿದೆ. ಅದಕ್ಕೆ ಎಣಿಕೆ ಬರುವುದಿಲ್ಲ. ಹೊಗೆ ಎಲ್ಲಿಂದ ಬರುತ್ತದೆ ಅಂತ ಕೇಳಿದಾಗ ಇನ್ನೊಂದು ಬಾಗಿಲೇ ಸಿಕ್ಕಿತು.

2024ರ ನಿಯಮದಲ್ಲಿ ಈ ದಾರಿಗೆ ವೈಲ್ಡ್ ಹಾರ್ಟ್ ಅನ್ನುತ್ತಾರೆ. ಈಗ ರೇಜ್ ಶುರು ಮಾಡುವಾಗಲೆಲ್ಲ ಪ್ರಾಣಿ ಬದಲಾಯಿಸಬಹುದು. ತೋಳದ ಲಾಭ ಬಾಣಕ್ಕೂ ಸಿಗುತ್ತದೆ. ಕರಡಿಗೆ ಫೋರ್ಸ್, ನೆಕ್ರಾಟಿಕ್, ರೇಡಿಯಂಟ್ ಅನ್ನುವ ಬಗೆಯ ಪೆಟ್ಟುಗಳೂ ಈಗ ಪೂರ್ತಿ ತಗಲುತ್ತವೆ. ಎದುರಿಗೆ ಡ್ರ್ಯಾಗನ್ ಉಸಿರು ಎಳೆದುಕೊಳ್ಳುತ್ತಿದ್ದರೆ ನಾನು ಕರಡಿ. ಉಳಿದಂತೆ ಈಗಲೂ ಹತ್ತರಲ್ಲಿ ಏಳೆಂಟು ಸಲ ತೋಳವೇ.